ವಿಷಯ ಸಂಖ್ಯೆ ಹದಿನಾಲ್ಕು, ಸರ್ವಾನುಮತದಿಂದ

೧

ಎಲ್ಲಿಂದ ಶುರು ಮಾಡಲಿ? ಮೊದಲು ಹೀಗೆ ಬರೆದೆ:

“ನಮ್ಮ ಸಹಕಾರಿ ಬ್ಯಾಂಕಿಂಗ್ ಸಮೂಹವು ಮುನ್ನೂರ ನಲವತ್ತು ಪ್ರಾಥಮಿಕ ಬ್ಯಾಂಕುಗಳು, ಒಂಬತ್ತು ವಲಯ ಒಕ್ಕೂಟಗಳು, ಒಂದು ಕೇಂದ್ರ ಸಂಸ್ಥೆ ಹಾಗೂ ಹನ್ನೊಂದು ಅಂಗಸಂಸ್ಥೆಗಳನ್ನು ಒಳಗೊಂಡ ಬೃಹತ್ ಕುಟುಂಬವಾಗಿದೆ.”

ಓದಿ ನೋಡಿದೆ, ಆಕಳಿಕೆ ಬಂತು. ಬರೆದವನಿಗೇ ಆಕಳಿಕೆ ಬಂದರೆ ಓದುವ ನಿಮ್ಮ ಗತಿಯೇನು? ಹರಿದು ಬುಟ್ಟಿಗೆ ಹಾಕಿದೆ.

ತಪ್ಪು ನನ್ನದಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ (ಮುಂದೆ ಹೇಳಲು ಧೈರ್ಯ ಸಾಲದಿರಬಹುದು). ಸಮೂಹದ ಪ್ರಚಾರಾಧಿಕಾರಿ ಮನೆಗೆ ಬಂದು, ಎರಡು ಮೊಬೈಲುಗಳನ್ನು ಟೀಪಾಯಿಯ ಮೇಲೆ ಜೋಡಿಸಿಟ್ಟು, “ರಚನೆ ಮತ್ತು ಸೇವೆಗಳು ಅಂತ ಒಂದು ಪುಸ್ತಿಕೆ ಬೇಕು ಸಾರ್. ಹದಿನಾರು ಪುಟ. ಮಾಹಿತಿ ಎಲ್ಲಾ ನಾವೇ ಕೊಡ್ತೀವಿ, ನೀವು ಸ್ವಲ್ಪ ಹ್ಯೂಮನ್ ಟಚ್ ಕೊಟ್ರೆ ಸಾಕು,” ಎಂದರು.

“ಅಂದ್ರೆ?”

“ಯಾರಾದ್ರೂ ಒಬ್ಬರು ಹೆಂಗಸನ್ನ ಹಾಕಿ. ಕೌಂಟರಲ್ಲಿ ಕೂತಿರ್ಬೇಕು. ನಗ್ತಾ ಇರ್ಬೇಕು.”

ಹಾಕಿದೆ. ಎಡವಟ್ಟಾಗಿದ್ದು ಅಲ್ಲೇ.

೧ (ಮತ್ತೊಮ್ಮೆ)

“ಬೆಳಗಿನ ಎಳೆಬಿಸಿಲು ಬ್ಯಾಂಕಿನ ಮೆಟ್ಟಿಲನ್ನು ಮುದ್ದಿಸುತ್ತಿರುವಾಗ ಅವಳು ನಗುನಗುತ್ತ ಶಟರ್ ಎತ್ತಿದಳು.”

“ಎಳೆಬಿಸಿಲು ಎಲ್ಲಿಂದ ತಂದ್ರಿ?” ಎಂದಳು ಅವಳು, ಶಟರನ್ನು ಅರ್ಧಕ್ಕೇ ಹಿಡಿದು. “ನಮ್ಮ ಬಾಗಿಲು ಉತ್ತರಕ್ಕಿದೆ. ಬಿಸಿಲು ಬೀಳೋದು ಹಿಂದುಗಡೆ ಬಚ್ಚಲ ಕಿಟಕಿಗೆ. ಮತ್ತೆ ಈ ಶಟರ್ ನಗ್ತಾ ಎತ್ತೋ ಜಾತಿದಲ್ಲ. ಒಂದ್ಸಲ ಎತ್ತಿ ನೋಡಿ, ಗೊತ್ತಾಗತ್ತೆ.”

ಪಾತ್ರವೊಂದು ಲೇಖಕನಿಗೆ ಎದುರು ಮಾತಾಡುವುದು ಹಳೆಯ ತಂತ್ರ, ನನಗೂ ಗೊತ್ತು. ನಾನು ಬೇಕೆಂದು ಬಳಸಿದ್ದಲ್ಲ. ಅವಳು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

೨

ಆದದ್ದಾಗಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಬ್ಯಾಂಕು ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಕೌಂಟರು, ಒಂದು ಬೆಂಚು, ದಾರ ಕಟ್ಟಿದ ಪೆನ್ನು. ಹಿಂದಿನದರಲ್ಲಿ ಕಬ್ಬಿಣದ ಬೀರು ಮತ್ತು ಯಾರೂ ಕೂರದ ಒಂದು ಸೋಫಾ. ಎಡಗಡೆ ಟೈಲರ್ ಅಂಗಡಿ. ಅದು ಅವಳ ಗಂಡನದು. ಬಲಗಡೆ ಬೇಕರಿ, ಅದು ಬ್ಯಾಂಕಿನ ಅಧ್ಯಕ್ಷರದು. ಸದಸ್ಯರು ನಾನೂರ ಹನ್ನೆರಡು. ಮ್ಯಾನೇಜರಿಗೆ ಇಂಥವೇ ಮೂರು ಬ್ಯಾಂಕುಗಳ ಉಸ್ತುವಾರಿ ಇರುವುದರಿಂದ ಇಲ್ಲಿಗೆ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಉಳಿದ ದಿನ ಬ್ಯಾಂಕೆಂದರೆ ಅವಳೇ. ನಲವತ್ತೆಂಟರ ವಯಸ್ಸು, ಗಟ್ಟಿ ದನಿ, ಎಡ ಮೊಣಕಾಲಿನಲ್ಲಿ ಆಗಾಗ ನೋವು. ಇಪ್ಪತ್ತೆರಡು ವರ್ಷದ ಸರ್ವೀಸು.

ಸಮೂಹದ ಹನ್ನೊಂದು ಅಂಗಸಂಸ್ಥೆಗಳು ನೆನಪಿವೆಯಲ್ಲ? ವಿಮೆಗೆ ಒಂದು, ಮನೆ ಸಾಲಕ್ಕೆ ಒಂದು, ಯಂತ್ರಗಳನ್ನು ಬಾಡಿಗೆಗೆ ಕೊಡಲು ಒಂದು, ಪಿಂಚಣಿ ನಿಧಿಗೆ ಒಂದು, ಸದಸ್ಯರಿಗೆ ಸಲಹೆ ಕೊಡಲೆಂದೇ ಒಂದು, ಹೀಗೆ. ಪ್ರತಿಯೊಂದಕ್ಕೂ ಬೇರೆ ಲಾಂಛನ, ಬೇರೆ ನಿರ್ದೇಶಕ ಮಂಡಳಿ, ನಗರದಲ್ಲಿ ಬೇರೆ ಬೇರೆ ಮಹಡಿ. ಇಲ್ಲಿ ಅವೆಲ್ಲಕ್ಕೂ ಒಂದೊಂದು ಪ್ಲಾಸ್ಟಿಕ್ ಬೋರ್ಡು. ಹನ್ನೊಂದೂ ಅವಳ ಮೇಜಿನ ಡ್ರಾಯರಿನಲ್ಲಿವೆ. ಬಂದವರ ಕೆಲಸ ನೋಡಿಕೊಂಡು ಆಯಾ ಬೋರ್ಡನ್ನು ತೆಗೆದು ಮುಂದಿಡುತ್ತಾಳೆ. ಬೋರ್ಡು ಬದಲಾದಾಗ ಅವಳೂ ಬದಲಾಗುತ್ತಾಳೆ. ಇದು ನಾನು ಕಣ್ಣಾರೆ ಕಂಡದ್ದು.

ಒಂದು ಬುಧವಾರ ಬಡಗಿಯೊಬ್ಬ ಬಂದ. ‘ಮನೆ ಸಾಲ’ ಬೋರ್ಡು ಮೇಜಿನ ಮೇಲಿತ್ತು. ಅವಳು ಕನ್ನಡಕ ಏರಿಸಿಕೊಂಡು, ಕಾಗದದಿಂದ ತಲೆಯೆತ್ತದೆ, “ಅರ್ಜಿ ಅಪೂರ್ಣವಾಗಿದೆ. ಪರಿಗಣಿಸೋದಕ್ಕೆ ಬರಲ್ಲ,” ಎಂದಳು. ಬಡಗಿಯ ಮುಖ ಬಾಡಿತು. ಅವಳು ಆ ಬೋರ್ಡನ್ನು ಡ್ರಾಯರಿಗೆ ಹಾಕಿ ‘ಸದಸ್ಯರ ಸಲಹಾ ಕೇಂದ್ರ’ವನ್ನು ಹೊರಗಿಟ್ಟಳು. ಕನ್ನಡಕ ತೆಗೆದಳು.

“ಏನಣ್ಣಾ, ಯಾಕೆ ಸಪ್ಪಗಿದ್ದೀಯಾ?”

“ಮನೆ ಸಾಲದವರು ಆಗಲ್ಲ ಅಂದ್ಬಿಟ್ರು ಅಕ್ಕ.”

“ಅವರದ್ದು ಯಾವಾಗ್ಲೂ ಇದೇ ಗೋಳು. ಎಲ್ಲಿ, ತೋರ್ಸು. ನೋಡು, ಎರಡನೇ ಪುಟದಲ್ಲಿ ಸಹಿನೇ ಹಾಕಿಲ್ಲ ನೀನು. ಹಾಕು ಇಲ್ಲಿ. ನಾನು ಅವರ ಹತ್ರ ಮಾತಾಡ್ತೀನಿ.”

ಬಡಗಿ ಸಹಿ ಹಾಕಿದ. ಅವಳು ಮತ್ತೆ ‘ಮನೆ ಸಾಲ’ವನ್ನು ಮೇಜಿಗೆ ತಂದು, ಕನ್ನಡಕ ಹಾಕಿ, “ಅರ್ಜಿ ಸ್ವೀಕರಿಸಿದೆ, ಮೇಲಕ್ಕೆ ಕಳಿಸ್ತೀವಿ, ಕಾಯಿರಿ,” ಎಂದಳು. ಬಡಗಿ ಹೋಗುವಾಗ ‘ಸದಸ್ಯರ ಸಲಹಾ ಕೇಂದ್ರ’ಕ್ಕೆ ಕೈ ಮುಗಿಯಬೇಕೆಂದು ಒಂದು ಕ್ಷಣ ತಡೆದು ನಿಂತ. ಅದು ಡ್ರಾಯರಿನಲ್ಲಿತ್ತು. ಡ್ರಾಯರಿಗೇ ಕೈ ಮುಗಿದು ಹೋದ.

(ಈ ಭಾಗವನ್ನು ಪ್ರಚಾರಾಧಿಕಾರಿ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದಾರೆ. “ಹನ್ನೊಂದು ಸಂಸ್ಥೆಗೂ ಪ್ರತ್ಯೇಕ ಸಿಬ್ಬಂದಿ ಇದ್ದಾರೆ ಅಂತ ವೆಬ್‌ಸೈಟಲ್ಲಿ ಇದೆ ಸಾರ್.” ಪುಸ್ತಿಕೆಯಿಂದ ತೆಗೆದಿದ್ದೇನೆ. ನಿಮ್ಮಿಂದ ಮುಚ್ಚಿಡುವುದೇಕೆ?)

೩

ಅವಳನ್ನು ಎಲ್ಲರೂ ಕರೆಯುವುದು ಅನುಮೋದನಕ್ಕ ಎಂದು.

ಸಹಕಾರಿ ಬ್ಯಾಂಕೆಂದರೆ ಸದಸ್ಯರೇ ಒಡೆಯರು. ಶೇರು ಒಂದಿರಲಿ ನೂರಿರಲಿ, ಒಬ್ಬರಿಗೆ ಒಂದೇ ಮತ. ವರ್ಷಕ್ಕೊಮ್ಮೆ ಒಡೆಯರೆಲ್ಲ ಸಭೆ ಸೇರಿ ತೀರ್ಮಾನ ಮಾಡಬೇಕು. ಪ್ರತಿ ನಿರ್ಣಯಕ್ಕೂ ಒಬ್ಬರು ಸೂಚಕರು, ಒಬ್ಬರು ಅನುಮೋದಕರು ಬೇಕು. ಒಬ್ಬರು ಎದ್ದು ‘ಹೀಗಾಗಲಿ’ ಎನ್ನಬೇಕು, ಇನ್ನೊಬ್ಬರು ‘ಹೌದು, ಆಗಲಿ’ ಎನ್ನಬೇಕು. ಆಮೇಲೆ ಉಳಿದವರು ಕೈ ಎತ್ತಬೇಕು. ಅನುಮೋದಕರಿಲ್ಲದ ನಿರ್ಣಯ ಅಲ್ಲೇ ಬಿದ್ದುಹೋಗುತ್ತದೆ.

ಅವಳು ಕೆಲಸಕ್ಕೆ ಸೇರಿದ ವರ್ಷ, ಸದಸ್ಯೆಯೂ ಆಗಿ ಮೊದಲ ಸಲ ಸಭೆಯಲ್ಲಿ ಕೂತಿದ್ದಳು. ಚಹಾದ ತಟ್ಟೆ ತರಲು ಅನುಕೂಲವಾಗಲೆಂದು ಮುಂದಿನ ಸಾಲಿನ ತುದಿಯ ಕುರ್ಚಿ. ಅಧ್ಯಕ್ಷರು “ಅನುಮೋದಕರು?” ಎಂದಾಗ ಯಾರೂ ಮಿಸುಕಲಿಲ್ಲ. ಆಗಿನ ಮ್ಯಾನೇಜರು ಅವಳಿಗೆ ಕಣ್ಸನ್ನೆ ಮಾಡಿದರು. ಅವಳು ಕೈ ಎತ್ತಿದಳು. ಮುಂದಿನ ನಿರ್ಣಯಕ್ಕೂ ಎತ್ತಿದಳು. ಅಲ್ಲಿಂದಾಚೆ ಇಪ್ಪತ್ತೆರಡು ವರ್ಷ, ವರ್ಷಕ್ಕೆ ಹದಿನೈದು ಇಪ್ಪತ್ತು ನಿರ್ಣಯ, ಎಲ್ಲದಕ್ಕೂ ಅವಳದೇ ಅನುಮೋದನೆ. ಎಷ್ಟರ ಮಟ್ಟಿಗೆ ಎಂದರೆ ನಡಾವಳಿ ಪುಸ್ತಕದಲ್ಲಿ ಅವಳ ಹೆಸರನ್ನು ಸಭೆಗೆ ಮುಂಚೆಯೇ ಬರೆದಿಡುತ್ತಿದ್ದರು. ಅವಳು ಚಹಾ ಲೋಟ ಜೋಡಿಸುತ್ತಲೇ, ಬೆನ್ನು ತಿರುಗಿಸಿಕೊಂಡೇ, ಕೈ ಎತ್ತಿಬಿಡುತ್ತಿದ್ದಳು. ಸಂಜೆ ಪುಸ್ತಕ ಬಂದಾಗ ಸಹಿ ಹಾಕುತ್ತಿದ್ದಳು.

ಲೇಖಕನಿಗೆ ಇಂಥ ಪಾತ್ರ ಸಿಗುವುದು ಪುಣ್ಯ. ಎಳೆಬಿಸಿಲಿನ ತಕರಾರು ಮುಗಿದ ಮೇಲೆ ಅವಳು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು.

“ನಿಮಗೆ ಮೊಣಕಾಲು ನೋವು ಅಂತ ಬರೀಲಾ?”

“ಆಗಲಿ.”

“ಗಂಡನಿಗೆ ಸ್ವಲ್ಪ ಬಾಯಿ ಜಾಸ್ತಿ?”

“ಅದು ನೀವು ಬರೆಯೋಕ್ಕಿಂತ ಮುಂಚೆಯಿಂದಾನೇ ಇದೆ. ಆಗಲಿ.”

೪

ಒಂದು ಮಂಗಳವಾರ ಮ್ಯಾನೇಜರು ಒಂದು ಸುತ್ತೋಲೆ ತಂದು, ಅವಳ ಮುಂದಿಟ್ಟು, ಬಚ್ಚಲಿಗೆ ಹೋಗಿ, ಹದಿನೈದು ನಿಮಿಷ ಹೊರಗೆ ಬರಲಿಲ್ಲ.

ಬರುವ ತಿಂಗಳ ಮೊದಲ ಸೋಮವಾರದಿಂದ ಈ ಕೌಂಟರು ಇರುವುದಿಲ್ಲ. ಸದಸ್ಯರು ಎಲ್ಲ ಸೇವೆಗಳನ್ನೂ ವಲಯ ಕೇಂದ್ರದ ಸಹಾಯವಾಣಿಯಿಂದ ಪಡೆಯಬಹುದು. ಹಾಲಿ ಸಿಬ್ಬಂದಿಗೆ ಅಲ್ಲಿಯೇ ಕುರ್ಚಿ, ಹೆಡ್‌ಫೋನು, ಎಸಿ. ಸಂಬಳಕ್ಕೆ ಕತ್ತರಿಯಿಲ್ಲ.

“ಎಸಿ ಇದೆಯಂತೆ,” ಎಂದೆ ನಾನು, ಸಮಾಧಾನಕ್ಕೆ.

“ಇದನ್ನ ನಾನು ಒಪ್ಪಲ್ಲ,” ಎಂದಳು ಅನುಮೋದನಕ್ಕ.

ನನಗೆ ಗಾಬರಿಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಆ ಬಾಯಿಂದ ಬಾರದ ಮಾತು. ಸುತ್ತೋಲೆ ನಾನು ಬರೆದದ್ದಲ್ಲ, ಕತೆಯ ವಸ್ತುವಿನ ಜೊತೆಗೇ ಬಂದದ್ದು, ಸಮೂಹದ ರಚನೆಯಲ್ಲೇ ಇರುವಂಥದ್ದು ಎಂದು ಏನೇನೋ ಹೇಳಿದೆ.

“ಎಸಿ ನೀವೇ ಇಟ್ಕೊಳ್ಳಿ. ಆ ಬಡಗಿಯಣ್ಣ ಫೋನ್ ಮಾಡಿ ಒಂದು ಒತ್ತು, ಎರಡು ಒತ್ತು ಅಂತ ಒತ್ತಾ ಕೂರಬೇಕಾ? ಮನೆ ಸಾಲದವರು ಆಗಲ್ಲ ಅಂದಾಗ, ಯಾಕಣ್ಣಾ ಸಪ್ಪಗಿದ್ದೀಯಾ ಅಂತ ಕೇಳೋಕೆ ಎಷ್ಟನೇ ನಂಬರು?” ಅವಳ ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ತುಂಬಿತ್ತು. “ಇದನ್ನ ಯಾರು ತೀರ್ಮಾನ ಮಾಡಿದ್ದು? ಅದೊಂದು ಹೇಳಿ. ಅವರ ಕಾಲು ಹಿಡೀತೀನೋ, ಕಾಲರ್ ಹಿಡೀತೀನೋ, ಅದು ನನಗೆ ಬಿಟ್ಟಿದ್ದು.”

೫

ಅವಳು ವಲಯ ಒಕ್ಕೂಟಕ್ಕೆ ಫೋನು ಮಾಡಿದಳು. “ನಮ್ಮದೇನಿಲ್ಲಮ್ಮ, ಕೇಂದ್ರ ಸಂಸ್ಥೆಯಿಂದ ಬಂದಿದ್ದು, ನಾವು ಕೆಳಗೆ ಕಳಿಸಿದ್ವಿ ಅಷ್ಟೆ,” ಎಂದರು. ಕೇಂದ್ರ ಸಂಸ್ಥೆಯವರು, “ಸಂಬಂಧಪಟ್ಟ ಅಂಗಸಂಸ್ಥೆಯನ್ನು ಕೇಳಿ,” ಎಂದು ಕೌಂಟರ್ ಸೇವೆಗಳ ಅಂಗಸಂಸ್ಥೆಗೆ ಲೈನು ಕೊಟ್ಟರು. ಆ ಕಡೆ ರಿಂಗಾಗತೊಡಗಿತು. ಅವಳ ಮೇಜಿನ ಮೇಲಿದ್ದ ಇನ್ನೊಂದು ಫೋನು ಹೊಡೆದುಕೊಂಡಿತು. ಈ ತಾಲೂಕಿಗೆ ಆ ಅಂಗಸಂಸ್ಥೆ ಎಂದರೆ ಅವಳೇ.

ಅವಳು ಅದನ್ನೂ ಎತ್ತಿದಳು. (ನಾನು ಬೇಡ ಎಂದೆ.) ಎರಡೂ ಕಿವಿಗೆ ಒಂದೊಂದು ಫೋನು ಹಿಡಿದು, “ಹಲೋ” ಎಂದಳು. “ಹಲೋ” ಎಂದು ಕೇಳಿಸಿತು. ಇಬ್ಬರೂ ಇಟ್ಟರು.

ಶನಿವಾರ ಬಸ್ಸು ಹತ್ತಿ ಕೇಂದ್ರ ಸಂಸ್ಥೆಗೇ ಹೋದಳು. ಏಳು ಮಹಡಿಯ ಕಟ್ಟಡ. ಒಳಹೊಕ್ಕ ಕೂಡಲೇ ಎದುರು ಗೋಡೆಯ ಮೇಲೆ ಸಮೂಹದ ರಚನೆಯ ದೊಡ್ಡ ನಕ್ಷೆ. ಅವಳು ತನ್ನ ಪ್ರಾಥಮಿಕ ಬ್ಯಾಂಕಿನ ಸಣ್ಣ ಚೌಕದ ಮೇಲೆ ಬೆರಳಿಟ್ಟು ಬಾಣದ ಗುರುತಿನ ಜಾಡು ಹಿಡಿದಳು. ಬೆರಳು ವಲಯಕ್ಕೆ ಹೋಯಿತು, ಅಲ್ಲಿಂದ ಕೇಂದ್ರಕ್ಕೆ ಹೋಯಿತು, ಕೇಂದ್ರದ ನೆತ್ತಿಯಿಂದ ಹೊರಟ ಚುಕ್ಕಿ ಗೆರೆಯನ್ನು ಹಿಡಿದು ನಕ್ಷೆಯ ಅಂಚಿನುದ್ದಕ್ಕೂ ಇಳಿಯಿತು, ಕೊನೆಗೆ ‘ಸದಸ್ಯರು (ಪರಮಾಧಿಕಾರ)’ ಎಂಬ ಚೌಕದಲ್ಲಿ ನಿಂತಿತು. ಆ ಚೌಕ ಅವಳು ಹೊರಟ ಚೌಕದ ಒಳಗೇ ಇತ್ತು.

ಅಲ್ಲಿ ಅವಳಿಗೆ ಎದುರಾದವರು ನಮ್ಮ ಪ್ರಚಾರಾಧಿಕಾರಿಯೇ. (ಕತೆಯಲ್ಲಿ ಜನ ಕಡಿಮೆ. ಇದ್ದವರನ್ನೇ ಹೊಂದಿಸಿಕೊಳ್ಳಬೇಕು.) ಅವರು ಕೆಟ್ಟವರಲ್ಲ. ಕೂರಿಸಿದರು, ನೀರು ಕೊಟ್ಟರು.

“ಮೇಲಿನವರು ಯಾರೂ ತೀರ್ಮಾನ ಮಾಡಿಲ್ಲಮ್ಮ. ಮೇಲಿನವರು ಅಂತ ನಮ್ಮಲ್ಲಿ ಇಲ್ಲವೇ ಇಲ್ಲ. ನಿಮ್ಮ ಬ್ಯಾಂಕಿಗೆ ನಿಮ್ಮ ಸದಸ್ಯರೇ ಒಡೆಯರು. ಅವರು ಬೇಡ ಅಂದ್ರೆ ನಾವು ಒಂದು ಮೊಳೆ ಕೀಳೋ ಹಾಗಿಲ್ಲ. ಅವರು ಆಗಲಿ ಅಂದಿದ್ದಾರೆ.”

“ಯಾವಾಗ ಅಂದ್ರು? ಯಾರು ಅಂದ್ರು?”

ಅವರು ನಡಾವಳಿಯ ಪ್ರತಿ ತರಿಸಿದರು. ಹೋದ ವರ್ಷದ ಮಹಾಸಭೆ. ವಿಷಯ ಸಂಖ್ಯೆ ಹದಿನಾಲ್ಕು: ಸೇವಾ ಸಮನ್ವಯ ಹಾಗೂ ಸಂಪರ್ಕ ಬಿಂದುಗಳ ತರ್ಕಬದ್ಧೀಕರಣ. ಸರ್ವಾನುಮತದಿಂದ ಅಂಗೀಕರಿಸಲಾಯಿತು. ಅನುಮೋದಕರು ಎಂಬುದರ ಮುಂದೆ ಅವಳ ಸಹಿ ದುಂಡಗೆ, ಮುದ್ದಾಗಿ ಕೂತಿತ್ತು.

ಅವಳು ಆ ಸಹಿಯ ಮೇಲೆ ಬೆರಳಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಸಂಪರ್ಕ ಬಿಂದು ಅಂದ್ರೆ ನಾನಾ?” ಎಂದು ಕೇಳಿದಳು.

ನಾನು ಪುಟ ತಿರುಗಿಸಿದೆ.

೭

(ಆರನೆಯ ಭಾಗದಲ್ಲಿ ಅವಳು ಬಸ್ಸಿನಲ್ಲಿ ವಾಪಸು ಬಂದದ್ದನ್ನು ಎರಡು ಪುಟ ಬರೆದಿದ್ದೆ. ಕಿಟಕಿ, ಓಡುವ ಮರಗಳು, ಕಣ್ಣಂಚಿನ ಹನಿ. “ನಾನು ನಿದ್ದೆ ಮಾಡ್ದೆ,” ಎಂದಳು. ತೆಗೆದು ಹಾಕಿದೆ.)

ಮನೆಯ ಸಂಗತಿ ಹೇಳಬೇಕು. ಸುತ್ತೋಲೆ ಬಂದ ದಿನದಿಂದ ಅವಳ ಗಂಡ, ಅಂದರೆ ಟೈಲರ್, ಬಯ್ಯುವುದನ್ನು ನಿಲ್ಲಿಸಿರಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಾಗ ಮಾತ್ರ ಬಿಡುವು.

“ಯಾವ ಪುಣ್ಯಾತ್ಮ ಇದಕ್ಕೆ ಕೈ ಎತ್ತಿದನೋ! ಓದಬೇಕು ತಾನೆ? ತಲೇಲಿ ಏನಿತ್ತೋ ಅವನಿಗೆ!”

ಅವಳು ಊಟ ಬಡಿಸುತ್ತಿದ್ದಳು. ಅವಳು ಕೇಂದ್ರ ಸಂಸ್ಥೆಯಿಂದ ವಾಪಸು ಬಂದ ರಾತ್ರಿಯೂ ಅವನು ಶುರು ಹಚ್ಚಿಕೊಂಡ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸಾಧ್ಯವಾಗಿದ್ದರೆ ಆ ಸಂಭಾಷಣೆಯನ್ನು ಬೇರೆ ಕಡೆ ತಿರುಗಿಸುತ್ತಿದ್ದೆ.

“ರೀ,” ಎಂದಳು. “ಅದು ನಾನೇ. ಅನುಮೋದಕರು ಅಂತ ನನ್ನ ಸಹಿನೇ ಇದೆ.”

ಅವನ ಕೈ ತಟ್ಟೆಯ ಮೇಲೆ ನಿಂತಿತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೌಂಟರು ಹೋಗುವ ಸಂಕಟಕ್ಕಿಂತ ಈ ನಾಚಿಕೆಯೇ ದೊಡ್ಡದಾಗಿತ್ತು. ಇಪ್ಪತ್ತೆರಡು ವರ್ಷ ಕಂಡವರ ಅರ್ಜಿಯಲ್ಲಿ ಬಿಟ್ಟುಹೋದ ಸಹಿಗಳನ್ನು ಹುಡುಕಿಕೊಟ್ಟವಳು, ತಾನು ಹಾಕಿದ ಸಹಿಯೊಂದನ್ನೂ ಓದಿ ಹಾಕಿರಲಿಲ್ಲ.

“ನೀನಾ?” ಎಂದ.

“ಹ್ಞೂಂ. ಲೋಟ ಜೋಡಿಸ್ತಾ ಇದ್ದೆ.”

ಅವನು ಬಯ್ಯುತ್ತಾನೆ ಎಂದುಕೊಂಡಳು. ಬಯ್ದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಅವನು ತಟ್ಟೆ ನೋಡುತ್ತ, ಸಣ್ಣ ದನಿಯಲ್ಲಿ, “ನಾನೂ ಎತ್ತಿದ್ದೆ ಕಣೇ,” ಎಂದ.

“ನೀವ್ಯಾಕೆ ಎತ್ತಿದ್ರಿ?”

“ನೀನು ಎತ್ತಿದ್ದೆಯಲ್ಲ. ಬ್ಯಾಂಕಿನವಳು, ಎಲ್ಲಾ ತಿಳ್ಕೊಂಡೇ ಎತ್ತಿರ್ತೀಯ ಅಂತ ಎತ್ತಿದೆ. ನಾನೊಬ್ಬನೇ ಅಲ್ಲ, ಎಲ್ಲರೂ ನಿನ್ನ ಕೈ ನೋಡ್ಕೊಂಡೇ ಎತ್ತೋದು.”

ಇದು ನನಗೂ ಹೊಸ ಸುದ್ದಿ. ಎಲ್ಲರೂ ಅವಳನ್ನು ನಂಬಿ ಕೈ ಎತ್ತುತ್ತಿದ್ದರು, ಅವಳು ಯಾರನ್ನೂ ನಂಬದೆ, ಅಭ್ಯಾಸಬಲದಿಂದ ಎತ್ತುತ್ತಿದ್ದಳು. ಇದರ ಮೇಲೆ ಒಂದು ಗಂಭೀರವಾದ ಪ್ಯಾರಾ ಬರೆಯುವ ಆಸೆಯಿತ್ತು. ಅವಳು ಆಗಲೇ ಮನೆಯ ಬೀರುವಿನಿಂದ ಬ್ಯಾಂಕಿನ ಉಪವಿಧಿಗಳ, ಅಂದರೆ ನಿಯಮಗಳ, ಪುಸ್ತಕ ತೆಗೆದು ಓದತೊಡಗಿದ್ದಳು. ಅನ್ನ ಆರಿಹೋಯಿತು.

೮

ಉಪವಿಧಿಯ ಪ್ರಕಾರ ಐದನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು. ಅಂದರೆ ಎಂಬತ್ತಮೂರು ಸಹಿ. ಅಲ್ಲಿ ಹಳೆಯ ನಿರ್ಣಯವನ್ನು ರದ್ದು ಮಾಡಬಹುದು.

ಸಿಬ್ಬಂದಿಯಾಗಿ ಅವಳು ಸಹಿ ಕೇಳುವಂತಿಲ್ಲ. ಸದಸ್ಯೆಯಾಗಿ ಕೇಳಬಹುದು. ಆದ್ದರಿಂದ ಊಟದ ವಿರಾಮದಲ್ಲಿ ಕೌಂಟರಿನ ಒಳಗಿನಿಂದ ಎದ್ದು, ಸುತ್ತಿ ಬಂದು, ಹೊರಗಿನ ಬೆಂಚಿನ ಮೇಲೆ ಕೂತು ಕೇಳುತ್ತಿದ್ದಳು. ಯಾರಾದರೂ ಆ ಹೊತ್ತಿನಲ್ಲಿ ಬ್ಯಾಂಕಿನ ಕೆಲಸ ಹೇಳಿದರೆ, “ಅವರು ಊಟಕ್ಕೆ ಹೋಗಿದ್ದಾರೆ, ಎರಡು ಗಂಟೆಗೆ ಬರ್ತಾರೆ,” ಎನ್ನುತ್ತಿದ್ದಳು. ಟೈಲರ್ ತನ್ನ ಕಡೆಯಿಂದ ಅಳತೆ ಕೊಡಲು ಬಂದವರನ್ನು ಹಿಡಿದ. ಸೊಂಟಕ್ಕೆ ಟೇಪು ಸುತ್ತಿದ ಮೇಲೆ ಯಾರೂ ಓಡಿಹೋಗಲಾರರು. ಹತ್ತೇ ದಿನದಲ್ಲಿ ಎಂಬತ್ತಾರು ಸಹಿಯಾಯಿತು.

ಆದರೆ ಸಹಿ ಮಾಡಿ ಸಭೆ ಕೇಳುವುದು ಬೇರೆ, ಸಭೆಯಲ್ಲಿ ಎದ್ದು ನಿಲ್ಲುವುದು ಬೇರೆ.

“ನೀವೂ ಬರಬೇಕು,” ಎಂದಳು ನನಗೆ.

“ನಾನು ಬಂದೇ ಇರ್ತೀನಿ. ನಾನು ಬರೆಯೋವನಲ್ವಾ?”

“ಹಾಗೆಲ್ಲ ಬರೋ ಹಾಗಿಲ್ಲ. ಸದಸ್ಯರಲ್ಲದವರಿಗೆ ಸಭೆಗೆ ಪ್ರವೇಶ ಇಲ್ಲ. ಕೇಂದ್ರ ಸಂಸ್ಥೆಯವರು ಮಾತ್ರ ವೀಕ್ಷಕರಾಗಿ ಕೂರಬಹುದು.”

ನನ್ನದೇ ಕತೆಯ ಒಳಗೆ ಹೋಗಲು ನಾನು ಅರ್ಜಿ ತುಂಬಿ, ಫೋಟೋ ಅಂಟಿಸಿ, ಒಂದು ಶೇರು ಕೊಳ್ಳಬೇಕಾಯಿತು. ಅವಳು ಕನ್ನಡಕ ಏರಿಸಿಕೊಂಡು ವೃತ್ತಿ ಎಂಬ ಜಾಗದಲ್ಲಿ ನಾನು ಬರೆದಿದ್ದ ‘ಲೇಖಕ’ ಎಂಬುದನ್ನು ಎರಡು ಸಲ ಓದಿ, “ಕಾಯಂ ಆದಾಯ?” ಎಂದಳು. ನಾನು ತಲೆ ತಗ್ಗಿಸಿದೆ. ಅವಳು ಬೋರ್ಡು ಬದಲಾಯಿಸಿ, “ಹೋಗಲಿ ಬಿಡಿ, ಶೇರಿಗೆ ಅದೇನೂ ಬೇಕಾಗಿಲ್ಲ,” ಎಂದು ಸಮಾಧಾನ ಮಾಡಿದಳು. ಸದಸ್ಯ ಸಂಖ್ಯೆ ನಾನೂರ ಹದಿಮೂರು.

೯

ಸಭೆ ಶಾಲೆಯೊಂದರ ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ. ಮರುದಿನವೇ ಕೌಂಟರು ಮುಚ್ಚುವ ಆ ಸೋಮವಾರ. ಎಳೆ ಮಕ್ಕಳ ಬೆಂಚುಗಳಾದ್ದರಿಂದ ಒಡೆಯರೆಲ್ಲ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಅಧ್ಯಕ್ಷರು ಬೇಕರಿಯ ಏಪ್ರನ್ ಕಳಚಿ ಕೋಟು ಹಾಕಿಕೊಂಡು ಬಂದಿದ್ದರು. ಪ್ರಚಾರಾಧಿಕಾರಿ ವೀಕ್ಷಕರಾಗಿ ಬಂದು ನನ್ನ ಪಕ್ಕದಲ್ಲೇ ಕೂತರು. “ಕೊನೇ ಅಧ್ಯಾಯಕ್ಕೆ ಒಳ್ಳೇ ವಾತಾವರಣ ಸಾರ್. ಸದಸ್ಯರ ಪಾಲ್ಗೊಳ್ಳುವಿಕೆ ಅಂತ ಒಂದು ಪ್ಯಾರಾ ಹಾಕಿ,” ಎಂದರು. ನಾನು ನೋಟ್‌ಬುಕ್ ತೆರೆದೆ. ಈಗ ನೀವು ಓದುತ್ತಿರುವುದು ಅಲ್ಲಿ ಬರೆದದ್ದು.

ಚಹಾದ ಜವಾಬ್ದಾರಿಯನ್ನು ಈ ಸಲ ಮ್ಯಾನೇಜರಿಗೆ ವಹಿಸಿ, ಅನುಮೋದನಕ್ಕ ನಡುಹಾಲಿನಲ್ಲಿ ಎದ್ದು ನಿಂತಳು. ಕೈಯಲ್ಲಿ ಮಡಿಸಿದ ಕಾಗದವಿತ್ತು.

“ಹೋದ ವರ್ಷದ ಹದಿನಾಲ್ಕನೇ ನಿರ್ಣಯಕ್ಕೆ ಅನುಮೋದನೆ ಕೊಟ್ಟಿದ್ದು ನಾನು. ಓದದೆ ಕೊಟ್ಟೆ. ನನ್ನ ಕೈ ನೋಡಿ ನೀವೆಲ್ಲ ಎತ್ತಿದ್ರಿ. ತಪ್ಪಾಯ್ತು.” ಕಾಗದ ಬಿಡಿಸಿದಳು. “ಆ ನಿರ್ಣಯ ರದ್ದಾಗಲಿ, ನಮ್ಮ ಕೌಂಟರು ಇರಲಿ ಅಂತ ನಾನು ಸೂಚಿಸ್ತೀನಿ.”

“ಸೂಚಕರು ಆಯ್ತು,” ಎಂದರು ಅಧ್ಯಕ್ಷರು. “ಅನುಮೋದಕರು?”

ಇಡೀ ಸಭೆ ಅವಳ ಕಡೆ ನೋಡಿತು. ಇಪ್ಪತ್ತೆರಡು ವರ್ಷದಿಂದ ಆ ಪ್ರಶ್ನೆ ಬಂದಾಗ ಎಲ್ಲರೂ ನೋಡುತ್ತಿದ್ದುದು ಆ ಕಡೆಗೇ. ಅವಳ ಕೈಯೂ ತಾನಾಗಿ ಮೇಲೆದ್ದಿತು.

“ಅಕ್ಕಾ, ಸೂಚಿಸಿದವರೇ ಅನುಮೋದಿಸೋ ಹಾಗಿಲ್ಲ,” ಎಂದರು ಅಧ್ಯಕ್ಷರು. ಜನ ನಕ್ಕರು. ಅವಳೂ ನಕ್ಕು ಕೈ ಇಳಿಸಿದಳು.

ಟೈಲರ್ ಎದ್ದ. “ಒಂದೇ ಮನೆಯವರು ಇಬ್ಬರೂ ಆಗೋ ಹಾಗಿಲ್ಲ, ಉಪವಿಧಿ ಇಪ್ಪತ್ತಾರು,” ಎಂದರು ಮ್ಯಾನೇಜರು, ಚಹಾ ಸೋಸುತ್ತ. ಟೈಲರ್ ಅವರನ್ನು ದುರುಗುಟ್ಟಿ ನೋಡಿ ಕೂತ.

ಆಮೇಲೆ ಯಾರೂ ಏಳಲಿಲ್ಲ. ಸಹಿ ಹಾಕಿದ್ದ ಎಂಬತ್ತಾರು ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಅಲ್ಲೇ ಇದ್ದರು. ಅವರಿಗೆ ಮನಸ್ಸಿರಲಿಲ್ಲ ಎಂದಲ್ಲ. ಅವರಲ್ಲಿ ಯಾರೂ ಯಾವತ್ತೂ ಮೊದಲು ಕೈ ಎತ್ತಿದವರಲ್ಲ. ಕೇಂದ್ರ ಸಂಸ್ಥೆಯವರು ಬೇರೆ ಎದುರಿಗೆ ಕೂತಿದ್ದಾರೆ. ಒಬ್ಬ ಚಪ್ಪಲಿಯ ಬಾರು ಸರಿ ಮಾಡಿಕೊಂಡ. ಇನ್ನೊಬ್ಬ ಕಪ್ಪುಹಲಗೆಯ ಮೇಲಿದ್ದ ಮಗ್ಗಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

“ಎರಡನೇ ಸಲ ಕೇಳ್ತಿದೀನಿ. ಅನುಮೋದಕರು?”

ಅಂತ್ಯ (ಒಂದು)

ಹಿಂದಿನ ಸಾಲಿನಿಂದ ಬಡಗಿ ಎದ್ದು ನಿಂತು, “ನಾನು ಅನುಮೋದಿಸ್ತೀನಿ!” ಎಂದ.

“ಇಲ್ಲ,” ಎಂದಳು ಅವಳು ನನಗೆ ಮಾತ್ರ ಕೇಳುವ ಹಾಗೆ. “ಅವನ ಅರ್ಜಿ ಇನ್ನೂ ಮೇಲೆ ಇದೆ. ಅವನು ಏಳಲ್ಲ. ಏಳಿಸಿದ್ರೆ ಪಾಪ, ನಾಳೆ ಅರ್ಜಿ ವಾಪಸ್ ಬಂದ್ರೆ ಎದ್ದಿದ್ದಕ್ಕೇ ಹೀಗಾಯ್ತು ಅನ್ಕೋತಾನೆ. ಬೇಡ.”

ಅಂತ್ಯ (ಎರಡು)

ಇಡೀ ಸಭೆ ಒಟ್ಟಿಗೆ ಎದ್ದು ನಿಂತಿತು. ಚಪ್ಪಾಳೆಯ ಸುರಿಮಳೆ.

“ಇದೇ ತಾನೆ ಸರ್ವಾನುಮತ? ಇದರಿಂದಾನೇ ಈ ಗತಿ ಬಂದಿದ್ದು,” ಎಂದಳು.

ಅಂತ್ಯ (ಮೂರು)

ಕರೆಂಟು ಹೋಯಿತು. ಸಭೆಯನ್ನು ಮುಂದೂಡಲಾಯಿತು.

“ಬೆಳಿಗ್ಗೆ ಹನ್ನೊಂದು ಗಂಟೆ. ಎಲ್ಲಾ ಕಿಟಕಿ ತೆಗೆದಿದೆ. ಕರೆಂಟ್ ಇದ್ರೆಷ್ಟು, ಬಿಟ್ರೆಷ್ಟು?”

ಅಂತ್ಯ (ನಾಲ್ಕು)

ಸರಿ, ಹಾಗಾದರೆ ನಾನು ಸವೆದ ದಾರಿಯನ್ನೇ ಹಿಡಿಯುತ್ತೇನೆ. ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಮುಂದೇನಾಯಿತು ಎಂಬುದು ಓದುಗರ ಊಹೆಗೆ ಬಿಟ್ಟದ್ದು. ಆಧುನಿಕೋತ್ತರ ಕತೆಗೆ ಮುಕ್ತಾಯ ಎಂಬುದೇ…

“ಸಾಕು ಮಾಡಿ!” ಎಂದಳು. ಈ ಸಲ ದನಿ ಸಣ್ಣದಾಗಿರಲಿಲ್ಲ. ಹಾಲಿನಲ್ಲಿ ಉಳಿದವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು. “ಕೊನೆ ಹೇಳದೆ ಬಿಡೋದು ನಿಮಗೆ ಶೋಕಿ. ನಾಲ್ಕು ಜನ ಮೆಚ್ಕೋತಾರೆ, ನೀವು ಮನೆಗೆ ಹೋಗಿ ಮಲಗ್ತೀರಿ. ನನಗೆ ನಾಳೆ ಬೆಳಿಗ್ಗೆ ಶಟರ್ ಎತ್ತಬೇಕೋ ಬೇಡವೋ ಗೊತ್ತಾಗಬೇಕು.”

“ನಾನೇನು ಮಾಡ್ಲಿ ಅಕ್ಕ? ನೀವೇ ಎಲ್ಲದನ್ನೂ ಬೇಡ ಅಂತಿದ್ದೀರಿ. ಲೇಖಕ ಯಾವ ಕಡೆಗೂ ವಾಲಬಾರದು. ಹೊರಗೆ ನಿಂತು ನೋಡಬೇಕು.”

“ಹೊರಗೆ ಎಲ್ಲಿದ್ದೀರಿ? ಶೇರು ತಗೊಂಡು ಒಳಗೆ ಬಂದು ಕೂತಿಲ್ವಾ?”

ಮಾತು ಚುರುಕ್ ಎಂದಿತು.

೧೦

ಇಷ್ಟು ವರ್ಷ ನಾನು ಬರೆದದ್ದೆಲ್ಲವನ್ನೂ ನೆನೆಸಿಕೊಂಡೆ. ಹನ್ನೆರಡು ಪುಸ್ತಕ. ಎಲ್ಲೂ ಒಂದು ಕಡೆ ನಿಂತು ಹೌದು ಎಂದವನಲ್ಲ, ಅಲ್ಲ ಎಂದವನಲ್ಲ. ಅದನ್ನು ಜನ ಸಂಯಮ ಎಂದರು, ನಾನೂ ಹೌದೆಂದುಕೊಂಡೆ. ಚಪ್ಪಲಿಯ ಬಾರು ಸರಿ ಮಾಡಿಕೊಳ್ಳುತ್ತಿದ್ದಾನಲ್ಲ, ಅವನಿಗೂ ನನಗೂ ಇರುವ ವ್ಯತ್ಯಾಸ ಎಂದರೆ ನನ್ನದು ಅಚ್ಚಾಗಿದೆ, ಅಷ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಭಯವಾಗುತ್ತಿದೆ. ಪುಸ್ತಿಕೆ ಕೈತಪ್ಪುತ್ತದೆ ಎಂದಲ್ಲ. ಕೈ ಎತ್ತಿದ ಮೇಲೆ ಎಲ್ಲರೂ ತಿರುಗಿ ನೋಡುತ್ತಾರಲ್ಲ, ಅದಕ್ಕೆ.

ಅವಳು ಈಗ ನನ್ನ ಕಡೆ ನೋಡುತ್ತಿಲ್ಲ. ಮೊಣಕಾಲು ನೋಯುತ್ತಿರಬೇಕು, ಮುಂದಿನ ಬೆಂಚನ್ನು ಒತ್ತಿ ಹಿಡಿದು ನಿಂತಿದ್ದಾಳೆ. ಕೂರುತ್ತಿಲ್ಲ. ಯಾರೂ ಏಳದಿದ್ದರೂ ತಾನು ಕೂರುವುದಿಲ್ಲ ಎಂದು ತೀರ್ಮಾನಿಸಿದ ಹಾಗಿದೆ. ಆ ತೀರ್ಮಾನ ನಾನು ಬರೆದದ್ದಲ್ಲ.

ಪ್ರಚಾರಾಧಿಕಾರಿ ನನ್ನ ನೋಟ್‌ಬುಕ್ಕಿಗೆ ಇಣುಕಿ, “ಬರೀತಾ ಇರಿ ಸಾರ್, ಚೆನ್ನಾಗಿ ಬರ್ತಿದೆ,” ಎನ್ನುತ್ತಿದ್ದಾರೆ.

“ಮೂರನೇ ಸಲ ಮತ್ತು ಕೊನೇ ಸಲ,” ಎನ್ನುತ್ತಿದ್ದಾರೆ ಅಧ್ಯಕ್ಷರು.

ಓದುಗರೇ, ಇದರ ಮುಂದೆ ಮತ ಹಾಕುವುದಿದೆ. ಗೆಲ್ಲುತ್ತಾಳೋ ಸೋಲುತ್ತಾಳೋ ನನಗೆ ನಿಜಕ್ಕೂ ಗೊತ್ತಿಲ್ಲ. ನಾನೂರ ಹದಿಮೂರರಲ್ಲಿ ನನ್ನದು ಒಂದೇ ಒಂದು. ಏನಾಯಿತೆಂದು ನಿಮಗೆ ಬರೆದು ತಿಳಿಸಬೇಕೆಂದಿದ್ದರೆ ಬರೆಯುತ್ತಲೇ ಕೂರಬೇಕು, ಮತ್ತು ಬರೆಯುತ್ತ ಕೂತರೆ ಅದು ಆಗುವುದೇ ಇಲ್ಲ. ಎಡಗೈಯಲ್ಲಿ ನೋಟ್‌ಬುಕ್ಕಿದೆ. ಬಲಗೈ ಒಂದೇ ಇರುವುದು.

“ಸಾರ್,” ಎನ್ನುತ್ತಿದ್ದೇನೆ ಪಕ್ಕದವರಿಗೆ, “ಒಂದು ನಿಮಿಷ ಈ ಪೆನ್ನು ಹಿಡ್ಕೊಳ್ಳಿ.”